ಸುಸ್ತಿದಾರರ ಪಟ್ಟಿ

(ಸಂಘದ ವಾರ್ಷಿಕ ಸಮಾರಂಭ ಹಾಗೂ ಪ್ರತಿಭಾ ಪುರಸ್ಕಾರದ ದಿನ ಮಾಡಿದ ಭಾಷಣದ ಬರಹ ರೂಪ)



ಇಂದು ಈ ವೇದಿಕೆಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ಬಹುಮಾನ ಸಿಕ್ಕಿದೆ. ಅವರಿಗೆ ನನ್ನ ಅಭಿನಂದನೆ. ಆದರೆ ಸಭೆಯಲ್ಲಿ ಬಹುಮಾನ ಪಡೆದವರಿಗಿಂತ ಚಪ್ಪಾಳೆ ತಟ್ಟಿದವರೇ ಹೆಚ್ಚು ಇದ್ದಾರೆ. ಗೆದ್ದವರ ಬಗ್ಗೆ ಮಾತಾಡಲು ಅಧ್ಯಕ್ಷರಿದ್ದಾರೆ, ಮುಖ್ಯ ಅತಿಥಿಗಳಿದ್ದಾರೆ. ನನ್ನ ಮಾತು ಚಪ್ಪಾಳೆ ತಟ್ಟಿದವರಿಗೆ. ಆದ್ದರಿಂದ ನಾನು ಇವತ್ತು ಸೋಲಿನ ಬಗ್ಗೆ, ಅದರಲ್ಲೂ ಒಂದು ಕಾಲೇಜು ಫುಟ್‌ಬಾಲ್ ತಂಡದ ಸೋಲಿನ ಬಗ್ಗೆ ಮಾತಾಡುತ್ತೇನೆ. ಆ ತಂಡದಲ್ಲಿ ನಾನೂ ಇದ್ದೆ. ಹಾಗಾಗಿ ವಿಷಯದಲ್ಲಿ ನನಗೆ ಸಾಕಷ್ಟು ಅನುಭವ ಇದೆ.

ಮೊದಲು ನಮ್ಮ ಊರಿನ ಬಗ್ಗೆ ಎರಡು ಮಾತು. ನಾವು ಕೂತಿರುವುದು ಬ್ಯಾಂಕುಗಳ ತವರಿನಲ್ಲಿ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಒಂದು ಬ್ಯಾಂಕು ತೆರೆದರು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕು ಆಯಿತು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಬಾಗಿಲು ಹಾಕುವಾಗ ಲೆಕ್ಕದಲ್ಲಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕು ಆಗಲಿದ್ದ ಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ಉಡುಪಿಯಲ್ಲೇ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಸಿಂಡಿಕೇಟ್ ಬ್ಯಾಂಕಿನ ಬೀಜ ಹಾಕಿದರು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದು, ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡು ಆಣೆಯಂತೆ ಉಳಿತಾಯ ಸಂಗ್ರಹಿಸಿತು. ಈಗ ಕಾರ್ಪೊರೇಷನ್ ಬ್ಯಾಂಕು ಇಲ್ಲ, ಸಿಂಡಿಕೇಟ್ ಬ್ಯಾಂಕೂ ಇಲ್ಲ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡಿನಿಂದ ಹೆಸರು ಹೋಯಿತು. ಆದರೆ ಊರಿನವರ ಬಾಯಿಯಿಂದ ಬ್ಯಾಂಕಿನ ಮಾತು ಹೋಗಿಲ್ಲ. ನಮ್ಮಲ್ಲಿ ಜಗಳವಾದರೂ "ನಿನ್ನ ಬಾಕಿ ಚುಕ್ತಾ ಮಾಡ್ತೇನೆ" ಅಂತಲೇ ಹೇಳುವುದು.

ನಾನು ಉರ್ದು ಮತ್ತು ಕನ್ನಡ ಎರಡೂ ಕಲಿಸುವವನು. ಈ ಲೆಕ್ಕದ ಮಾತಿನಲ್ಲಿ ನನ್ನ ಎರಡು ಭಾಷೆಗಳೂ ಒಂದೇ ಮೇಜಿನಲ್ಲಿ ಕೂತಿರುವುದನ್ನು ನೋಡಿ ನನಗೆ ಯಾವಾಗಲೂ ಸಂತೋಷ. ಜಮಾ, ಖರ್ಚು, ಬಾಕಿ, ನಗದು, ಅಸಲು, ರಸೀದಿ, ಕರಾರು, ಜಾಮೀನು, ವಸೂಲಿ, ಜಪ್ತಿ, ಹರಾಜು, ಇವೆಲ್ಲ ಅರಬ್ಬಿ ಪಾರಸಿಯಿಂದ ಬಂದು ಕನ್ನಡವಾದ ಪದಗಳು. ಸಹಕಾರಿ ಸಂಘದ ವರದಿಯಲ್ಲಿ 'ಲಾಭ ನಷ್ಟ ತಖ್ತೆ' ಎಂದು ಇರುತ್ತದಲ್ಲ, ಆ ತಖ್ತೆ ನಮ್ಮ ಉರ್ದು ತರಗತಿಯ ತಖ್ತಾ. 'ಆಖೈರು ಶಿಲ್ಕು' ಎಂಬಲ್ಲಿನ ಆಖೈರು ನಮ್ಮ ಆಖಿರ್. ತರಗತಿಯಲ್ಲಿ ನಾನು ತಮಾಷೆಗೆ ಹೇಳುವುದುಂಟು: ಸಾಲವೂ ಬಡ್ಡಿಯೂ ಕನ್ನಡದಲ್ಲಿ ಮೊದಲೇ ಇದ್ದವು, ವಸೂಲಿಗೆ ಬಂದವರು ಮಾತ್ರ ಉರ್ದು ಕಡೆಯವರು!

ಇವುಗಳಲ್ಲಿ ಒಂದು ಪದವನ್ನು ಇವತ್ತು ನೆನಪಿಟ್ಟುಕೊಳ್ಳಿ: ಸುಸ್ತಿ. ಉರ್ದುವಿನಲ್ಲಿ ಸುಸ್ತಿ ಎಂದರೆ ಸೋಮಾರಿತನ, ಜಡತನ. ಕನ್ನಡದಲ್ಲಿ ಸುಸ್ತು ಎಂದರೆ ದಣಿವು. ಬ್ಯಾಂಕಿನ ಕನ್ನಡದಲ್ಲಿ ಸುಸ್ತಿ ಎಂದರೆ ವಾಯಿದೆ ಮೀರಿದ ಸಾಲ. ಅದನ್ನು ಕಟ್ಟದವನು ಸುಸ್ತಿದಾರ. ಸೋಮಾರಿ, ದಣಿದವನು, ಸಾಲ ಕಟ್ಟದವನು. ನಮ್ಮ ಫುಟ್‌ಬಾಲ್ ತಂಡಕ್ಕೆ ಈ ಮೂರೂ ಅರ್ಥ ಅನ್ವಯಿಸುತ್ತಿದ್ದವು.

2008-09ರ ಮಾತು. ಉಡುಪಿಯ ಸುತ್ತಮುತ್ತಲಿನ ಒಂದು ಕಾಲೇಜಿನಲ್ಲಿ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ಕಡೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಎಂದರೆ ಜನ ಸೇರುತ್ತಾರೆ. ಫುಟ್‌ಬಾಲ್‌ಗೆ ಅಷ್ಟಿಲ್ಲ. ಹಾಗಾಗಿ ವಾಲಿಬಾಲ್ ತಂಡದಲ್ಲಿ ಜಾಗ ಸಿಗದವರು, ಕಬಡ್ಡಿಗೆ ತೂಕ ಸಾಲದವರು, ಕ್ರಿಕೆಟ್ ಬ್ಯಾಟು ಕೊಳ್ಳಲು ಆಗದವರು ಸೇರಿ ನಮ್ಮ ಫುಟ್‌ಬಾಲ್ ತಂಡ ಆಯಿತು. ನಾನು ಎಡಬದಿಯ ಡಿಫೆಂಡರ್. ಆ ವರ್ಷ ಜನವರಿ ಕೊನೆಯವರೆಗೆ ಟೂರ್ನಿ, ಸ್ನೇಹ ಪಂದ್ಯ ಎಲ್ಲ ಸೇರಿ ಐದು ಪಂದ್ಯ ಆಡಿದೆವು. ಐದರಲ್ಲೂ ಸೋತೆವು.

ಸೋತದ್ದು ದೊಡ್ಡ ವಿಷಯವಲ್ಲ. ಸೋಲನ್ನು ನಾವು ಹೇಗೆ ಹೇಳುತ್ತಿದ್ದೆವು ಎಂಬುದನ್ನು ಕೇಳಿ. 0-4ರಲ್ಲಿ ಸೋತು ಬಂದು ಕ್ಯಾಂಟೀನಿನಲ್ಲಿ "ಸ್ವಲ್ಪದರಲ್ಲಿ ತಪ್ಪಿತು" ಎನ್ನುತ್ತಿದ್ದೆವು. 1-5ರಲ್ಲಿ ಸೋತಾಗ ತಪ್ಪು ರೆಫ್ರಿಯದು. 0-3ಕ್ಕೆ ಕಾರಣ ಮೈದಾನದ ಮುರಕಲ್ಲು. ಮನೆಯಲ್ಲಿ ಕೇಳಿದರೆ "ಡ್ರಾ ಆಯಿತು" ಎಂದವರೂ ಇದ್ದರು. ಆಗ ಪತ್ರಿಕೆ ತೆರೆದರೆ ಬರೀ ಇಂಥದೇ ಸುದ್ದಿ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ದಿವಾಳಿಯಾಗಿತ್ತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು, ತಮ್ಮ ಲೆಕ್ಕದಲ್ಲಿ ಇದೆ ಎಂದು ತೋರಿಸಿದ ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ನಮ್ಮ ತಂಡದಲ್ಲಿ ಒಬ್ಬ ಬಿ.ಕಾಂ. ಹುಡುಗನಿದ್ದ. ಪತ್ರಿಕೆ ಮಡಚಿಟ್ಟು ಅವನು ಹೇಳಿದ: "ನಮ್ಮದೂ ಸತ್ಯಂ ಲೆಕ್ಕವೇ ಮಾರಾಯ. ಇಲ್ಲದ ಗೋಲು ಎಣಿಸ್ತಾ ಇದ್ದೇವೆ."

ಆ ಮಾತಿನಿಂದ ನಮ್ಮ 'ವಾರ್ಷಿಕ ವರದಿ' ಹುಟ್ಟಿತು. ಅಂಕಿ ಅವನದು, ಭಾಷೆ ನನ್ನದು. ಫೆಬ್ರವರಿ ಮೊದಲ ವಾರ ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದೆವು. ಪ್ರತಿ ನನ್ನಲ್ಲಿ ಇಂದಿಗೂ ಇದೆ. ಕೆಲವು ಭಾಗ ಓದುತ್ತೇನೆ.

"1. ಬಂಡವಾಳ: ಚೆಂಡು ಎರಡು. ಅದರಲ್ಲಿ ಒಂದಕ್ಕೆ ಗಾಳಿ ನಿಲ್ಲದ ಕಾರಣ ಸವಕಳಿ ಖಾತೆಗೆ ಹಾಕಲಾಗಿದೆ. ಆಟಗಾರರು ಹನ್ನೊಂದು, ಬೂಟು ಏಳು ಜೊತೆ. ಉಳಿದ ನಾಲ್ವರು ಎರವಲು ಬಂಡವಾಳದಲ್ಲಿ ಓಡಿದ್ದಾರೆ.

2. ಶಾಖಾವಾರು ವ್ಯವಹಾರ: ಉಡುಪಿ 0-4, ಮಣಿಪಾಲ 1-5, ಕಾರ್ಕಳ 0-3, ಕಾಪು 0-2, ಪುನಃ ಮಣಿಪಾಲ 1-6. ಒಟ್ಟು ಜಮಾ 2, ಒಟ್ಟು ಖರ್ಚು 20, ನಿವ್ವಳ ನಷ್ಟ 18. ಯಾವ ಶಾಖೆಗೂ ತಾರತಮ್ಯ ಮಾಡದೆ ಎಲ್ಲ ಕಡೆ ನಷ್ಟ ಮಾಡಿರುವುದನ್ನು ಆಡಳಿತ ಮಂಡಳಿ ಹೆಮ್ಮೆಯಿಂದ ದಾಖಲಿಸುತ್ತದೆ.

3. ಪಿಗ್ಮಿ: ದೊಡ್ಡ ಠೇವಣಿ ಇಡುವ ಶಕ್ತಿ ತಂಡಕ್ಕೆ ಇಲ್ಲ. ಆದ್ದರಿಂದ ಮಣಿಪಾಲ ಶಾಖೆಯಲ್ಲಿ ಮಾತ್ರ ಪಂದ್ಯಕ್ಕೆ ಒಂದು ಗೋಲಿನಂತೆ ಪಿಗ್ಮಿ ಕಟ್ಟಲಾಗಿದೆ.

4. ಪಾಸ್‌ಬುಕ್: ಪಾಸ್ ಎಂಬ ಕಾಲಂ ಖಾಲಿ ಇದೆ. ಬುಕ್ ಎಂಬ ಕಾಲಮಿನಲ್ಲಿ ರೆಫ್ರಿಯವರು ಆರು ಹಳದಿ ಕಾರ್ಡು ನಮೂದಿಸಿದ್ದಾರೆ.

5. ಚೆಕ್ಕು: ಬಲಬದಿಯಿಂದ ಬಂದ ಕ್ರಾಸ್ ಚೆಕ್ಕುಗಳೆಲ್ಲ ಗೋಲುಕಂಬಕ್ಕೆ ಬಡಿದು ಬೌನ್ಸ್ ಆಗಿವೆ.

6. ಬಡ್ಡಿ: ನಮ್ಮದು ಸಂಪೂರ್ಣ ಬಡ್ಡಿರಹಿತ ತಂಡ. ಮಧ್ಯಂತರದ ನಂತರ ಯಾರಿಗೂ ಇಂಟರೆಸ್ಟ್ ಇರುವುದಿಲ್ಲ.

7. ಅನುತ್ಪಾದಕ ಆಸ್ತಿ: 90 ದಿನ ಕಂತು ಬಾರದಿದ್ದರೆ ಬ್ಯಾಂಕಿನವರು ಸಾಲವನ್ನು ಎನ್‌ಪಿಎ ಎನ್ನುತ್ತಾರೆ. ಫುಟ್‌ಬಾಲ್‌ನಲ್ಲಿ ಅದಕ್ಕೆ 90 ನಿಮಿಷ ಸಾಕು. ನಮ್ಮ ಪಂದ್ಯ 70 ನಿಮಿಷದ್ದು, ಅಷ್ಟೂ ಬೇಕಾಗಲಿಲ್ಲ.

8. ಬೇಲ್‌ಔಟ್: ಅಮೆರಿಕ ಸರ್ಕಾರ ಮುಳುಗುವ ಬ್ಯಾಂಕುಗಳಿಗೆ 70,000 ಕೋಟಿ ಡಾಲರ್ ಮಂಜೂರು ಮಾಡಿದೆ. ನಾವು ಪ್ರಾಂಶುಪಾಲರಲ್ಲಿ ಕೇಳುವುದು ಒಂದು ಚೆಂಡು, ಮತ್ತು ಪಂದ್ಯದ ದಿನ ತಲಾ ಎರಡು ಬಾಳೆಹಣ್ಣು."

ಕಾಲೇಜಿಗೆ ಕಾಲೇಜೇ ಬೋರ್ಡಿನ ಮುಂದೆ ನಿಂತು ನಕ್ಕಿತು. ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಗೆ ಬಂದು ಏಳನೇ ಕಲಮನ್ನು ಉದಾಹರಣೆಯಾಗಿ ಕೊಟ್ಟರು. ಪ್ರಾಂಶುಪಾಲರು ಚೆಂಡು ಕೊಡಿಸಿದರು, ಬಾಳೆಹಣ್ಣೂ ಬಂತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ನಡೆಯಿತು. ಅಂದಿನಿಂದ ನಮ್ಮಲ್ಲಿ ಯಾರೂ ಸುಳ್ಳು ಹೇಳಲಿಲ್ಲ. 20 ಗೋಲು ತಿಂದಿದ್ದೇವೆ ಎಂದು ಎಲ್ಲರಿಗೂ ಗೊತ್ತಾದ ಮೇಲೆ ರೆಫ್ರಿಯನ್ನೂ ಮುರಕಲ್ಲನ್ನೂ ಬೈಯುವುದು ನಿಂತಿತು. ತಮಾಷೆಗೆ ಇಂಥ ಒಂದು ಶಕ್ತಿ ಇದೆ ವಿದ್ಯಾರ್ಥಿಗಳೇ. ಗಂಭೀರವಾಗಿ ಹೇಳಲು ನಾಚಿಕೆಯಾಗುವ ಸಂಖ್ಯೆಯನ್ನು ಅದು ನಗುತ್ತಾ ಹೇಳಿಸುತ್ತದೆ. ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು ಮೊದಲ ದಿನದ ಲೆಕ್ಕವನ್ನು "ಸುಮಾರು 40 ರೂಪಾಯಿ" ಎಂದು ಬರೆಯಲಿಲ್ಲ. 38 ರೂಪಾಯಿ 13 ಆಣೆ 2 ಪೈ ಎಂದು ಬರೆಯಿತು. ಒಂದು ರೂಪಾಯಿಗೆ 192 ಪೈ ಇದ್ದ ಕಾಲ. ಎರಡು ಪೈಯನ್ನೂ ಬಿಡದೆ ಬರೆದ ಸಂಸ್ಥೆ ನೂರಕ್ಕೂ ಹೆಚ್ಚು ವರ್ಷ ಬಾಳಿತು. ಇಲ್ಲದ ಸಾವಿರಾರು ಕೋಟಿ ಬರೆದ ಕಂಪನಿಯ ಗತಿ ನಿಮಗೆ ಗೊತ್ತಿದೆ.

ನನ್ನ ಭಾಷಣ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವರದಿಯಲ್ಲಿ ಇನ್ನೊಂದು ಕಲಂ ಇತ್ತು. ಈಗ ಬೇಕೆಂದೇ ಓದದೆ ಬಿಟ್ಟೆ. ಒಂಬತ್ತನೆಯದು. ತಲೆಬರಹ 'ಸುಸ್ತಿದಾರರ ಪಟ್ಟಿ'. ಅದರಲ್ಲಿ ಇದ್ದದ್ದು ಒಂದೇ ಹೆಸರು, ನಮ್ಮ ಗೋಲ್‌ಕೀಪರನದು. "ಸೇವಿಂಗ್ಸ್ ಖಾತೆ ತೆರೆದು ಒಂದು ಸೇವ್ ಕೂಡ ಜಮಾ ಮಾಡದ ಕಾರಣ ಇವರನ್ನು ಕಾಯಂ ಸುಸ್ತಿದಾರರೆಂದು ಘೋಷಿಸಲಾಗಿದೆ. ಇವರೊಂದಿಗೆ ಯಾರೂ ವ್ಯವಹಾರ ಮಾಡಬಾರದು." ಇದನ್ನು ಬರೆದವನು ನಾನು. ಇಡೀ ವರದಿಯಲ್ಲಿ ಅತಿ ಹೆಚ್ಚು ನಗು ತಂದದ್ದೂ ಇದೇ ಸಾಲು. ಮರುದಿನದಿಂದ ಕಾರಿಡಾರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರ ಬಾಯಲ್ಲೂ "ಓ ಸುಸ್ತಿದಾರ".

ಮೂರನೇ ದಿನದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ. ಒಂದು ವಾರ ಕಳೆದ ಮೇಲೆ ತರಗತಿಗೂ ಬರಲಿಲ್ಲ. ಜ್ವರ ಇರಬಹುದು ಎಂದುಕೊಂಡೆವು. ಅವನ ಮನೆ ಕಾಪುವಿನಲ್ಲಿ. ಒಂದು ಭಾನುವಾರ ನಾನು ಹೋದೆ. ಉಮ್ಮ ಬಾಗಿಲು ತೆರೆದು "ಬಾ ಮೋನೆ" ಎಂದು ಒಳಗೆ ಕೂರಿಸಿ ಚಹಾ ಕೊಟ್ಟರು. ಅವನು ಮನೆಯಲ್ಲಿರಲಿಲ್ಲ, ಅಂಗಡಿಯಲ್ಲಿದ್ದ. ತಂದೆಗೆ ಮೈ ಸರಿ ಇರಲಿಲ್ಲ. ಮಾತಿನ ನಡುವೆ ಉಮ್ಮ ಹೇಳಿದರು: ಅಂಗಡಿಗೆಂದು ಎತ್ತಿದ ಸಾಲದ ಕಂತು ನಿಂತಿದೆ, ಚಿನ್ನ ಅಡವು ಇದೆ, ಬಾಕಿದಾರರ ಹೆಸರಿನ ಪಟ್ಟಿಯಲ್ಲಿ ಮನೆಯ ಯಜಮಾನರ ಹೆಸರೂ ಬಂದು ಊರಿನವರೆಲ್ಲ ಓದಿದ್ದಾರೆ. ನಮ್ಮ ವರದಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನನಗೆ ಚಹಾ ಗಂಟಲಿನಲ್ಲಿ ಇಳಿಯಲಿಲ್ಲ.

ಅಂಗಡಿಗೆ ಹೋಗಿ ಅವನನ್ನು ಕಂಡೆ. ಅವನು ಕೋಪ ಮಾಡಲಿಲ್ಲ. "ವರದಿ ಚೆನ್ನಾಗಿತ್ತು. ಬಾಳೆಹಣ್ಣಿನವರೆಗೆ ನಾನೂ ನಕ್ಕೆ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮನೆಯಲ್ಲಿ ಆ ಶಬ್ದ ಯಾರೂ ಹೇಳುವುದಿಲ್ಲ," ಎಂದ. ಅಷ್ಟೇ. ನಾನು ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ" ಎಂದ. ಆದರೆ ತಂಡಕ್ಕೆ ಮರಳಿ ಬರಲಿಲ್ಲ.

ಆರನೇ ಪಂದ್ಯಕ್ಕೆ ಗೋಲ್‌ಕೀಪರ್ ಇಲ್ಲ. ಬರೆದವನೇ ನಿಲ್ಲಲಿ ಎಂದು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ನಾವು 0-7ರಲ್ಲಿ ಸೋತೆವು. ಏಳು ಸಲ ಬಲೆಯಿಂದ ಚೆಂಡು ಹೆಕ್ಕಿ ತಂದವನು ನಾನು. ಎರಡು ಕಂಬಗಳ ನಡುವೆ ನಿಂತು ನೋಡಿದಾಗಲೇ ನನಗೆ ಗೊತ್ತಾದದ್ದು, ಚೆಂಡು ಗೋಲಿಗೆ ಬರುವ ಮೊದಲು ಎಷ್ಟು ಜನರನ್ನು ದಾಟಿ ಬರುತ್ತದೆ ಎಂದು. ಮುಂದಿನವನು ಹಿಂದೆ ಓಡಿ ಬಂದಿಲ್ಲ, ನಡುವಿನವನು ಎದುರಾಳಿಯನ್ನು ತಡೆದಿಲ್ಲ, ಡಿಫೆಂಡರ್ ಜಾಗ ಬಿಟ್ಟಿದ್ದಾನೆ. ಹತ್ತು ಜನರ ತಪ್ಪು ಒಂದೊಂದಾಗಿ ಸೇರಿ ಹನ್ನೊಂದನೆಯವನ ಕೈಯಲ್ಲಿ ಗೋಲು ಎಂದು ಬರೆಯಲ್ಪಡುತ್ತದೆ. ಬ್ಯಾಂಕಿನಲ್ಲೂ ಹಾಗೆಯೇ. ಹಣ ಕೊಡುವುದು ಕೌಂಟರಿನಲ್ಲಿ ಕೂತ ಕ್ಯಾಷಿಯರ್. ಸಾಲ ಮಂಜೂರು ಮಾಡಿದವರು ಒಳಗಿನ ಕೋಣೆಯಲ್ಲಿರುತ್ತಾರೆ. ಸಾಲ ಮುಳುಗಿದರೆ ಕ್ಯಾಷಿಯರನ್ನು ಬೈಯುತ್ತೇವೆಯೇ?

ಪಂದ್ಯ ಮುಗಿದ ಮೇಲೆ ನಮ್ಮ ದೈಹಿಕ ಶಿಕ್ಷಣದ ಮಾಸ್ಟರು ಏನೂ ಹೇಳದೆ ತಮ್ಮ ನೋಟ್ ಪುಸ್ತಕ ನನ್ನ ಕೈಗಿಟ್ಟರು. ಮೊದಲ ಐದು ಪಂದ್ಯಗಳ 20 ಗೋಲುಗಳೂ ಅದರಲ್ಲಿದ್ದವು. ಯಾವ ನಿಮಿಷ, ಯಾವ ಬದಿಯಿಂದ, ಯಾರು ದಾಟಿಸಿಕೊಂಡದ್ದು, ಎಲ್ಲ ಪೆನ್ಸಿಲಿನಲ್ಲಿ ಬರೆದಿದ್ದರು. ಬೆಳಕು ಇಳಿಯುವವರೆಗೆ ಕೂತು ಎಣಿಸಿದೆ. 20ರಲ್ಲಿ 11 ಗೋಲು ಬಂದದ್ದು ಎಡಬದಿಯಿಂದ. ಎಡಬದಿಯ ಡಿಫೆಂಡರ್ ಯಾರು? ಸುಸ್ತಿದಾರರ ಪಟ್ಟಿ ಬರೆದ ಸಾಹಿತಿ.

ಮುಂದೆ ಬಿ.ಎಡ್. ಓದುವಾಗ ನಮಗೆ ನೈದಾನಿಕ ಪರೀಕ್ಷೆ ಎಂಬ ಪಾಠ ಇತ್ತು. ಮಗು ಎಷ್ಟು ತಪ್ಪು ಮಾಡಿತು ಎಂದು ನೋಡಿದರೆ ಸಾಲದು, ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕಬೇಕು, ಆಮೇಲೆ ಪರಿಹಾರ ಬೋಧನೆ. ನನ್ನ ಸಹಪಾಠಿಗಳು ಅದನ್ನು ಪುಸ್ತಕದಿಂದ ಕಲಿತರು. ನನಗೆ ಮಾಸ್ಟರರ ಆ ಪೆನ್ಸಿಲ್ ಬರಹ ನೆನಪಿಗೆ ಬರುತ್ತಿತ್ತು. ನಷ್ಟ ಕಾಣಿಸಿಕೊಳ್ಳುವ ಜಾಗ ಬೇರೆ, ನಷ್ಟ ಹುಟ್ಟುವ ಜಾಗ ಬೇರೆ.

ಇದು ಒಂದು ಸಣ್ಣ ಕಾಲೇಜಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಬ್ರೆಜಿಲ್ ದೇಶದಲ್ಲಿ ಏನಾಯಿತು ನೋಡಿ. 1950ರ ಜುಲೈ 16. ವಿಶ್ವಕಪ್ಪಿನ ನಿರ್ಣಾಯಕ ಪಂದ್ಯ, ರಿಯೋ ನಗರದ ಮರಕಾನಾ ಕ್ರೀಡಾಂಗಣ. ಡ್ರಾ ಆದರೂ ಕಪ್ಪು ಬ್ರೆಜಿಲ್‌ನದು. ಆದರೆ ಉರುಗ್ವೆ 2-1ರಲ್ಲಿ ಗೆದ್ದಿತು. ಇಡೀ ದೇಶ ಆ ನಷ್ಟವನ್ನು ಬರೆದದ್ದು ಒಬ್ಬನ ಖಾತೆಗೆ, ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸಾ ಅವರ ಖಾತೆಗೆ. ಮೊದಲು ಗೋಲು ಹೊಡೆದು ನಂತರ ಎರಡು ಬಿಟ್ಟುಕೊಟ್ಟದ್ದು ತಂಡ. ಹೆಸರು ಕೆಟ್ಟದ್ದು ಅವರದು. 2000ದಲ್ಲಿ ತೀರಿಕೊಳ್ಳುವವರೆಗೂ ಆ ಬಾಕಿ ಅವರ ಮೇಲೆಯೇ ಇತ್ತು. ನಮ್ಮ ದೇಶದ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ 30 ವರ್ಷ, ನಾನು 50 ವರ್ಷದಿಂದ ಅನುಭವಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಅವರು ಕೊನೆಗಾಲದಲ್ಲಿ ಹೇಳಿದ್ದರು. ಯಾವ ಬ್ಯಾಂಕೂ ಇಷ್ಟು ನಿರ್ದಯವಾಗಿ ವಸೂಲಿ ಮಾಡಲಾರದು.

ಹೌದು, ನಾನು ತಮಾಷೆಗೆ ಎಂದು ಎರವಲು ತಂದ ಬ್ಯಾಂಕಿನ ಭಾಷೆ, ನನ್ನ ತಮಾಷೆಗಿಂತ ಹೆಚ್ಚು ನ್ಯಾಯವಾದದ್ದು ಎಂದು ಆಮೇಲೆ ತಿಳಿಯಿತು. ಬ್ಯಾಂಕಿನಲ್ಲಿ ಸಾಲ ಒಂದೇ ದಿನದಲ್ಲಿ ಕೆಡುವುದಿಲ್ಲ. ಕಂತು ತಪ್ಪಿದಾಗ ಮೊದಲು ನಿಗಾ ಪಟ್ಟಿಗೆ ಹೋಗುತ್ತದೆ. 90 ದಿನ ಮೀರಿದರೆ ಎನ್‌ಪಿಎ. ಅದರಲ್ಲೂ ಮೆಟ್ಟಿಲುಗಳಿವೆ: ಮೊದಲ 12 ತಿಂಗಳು ಕೆಳದರ್ಜೆ, ನಂತರ ಸಂಶಯಾಸ್ಪದ, ವಸೂಲಾಗುವ ಆಸೆಯೇ ಇಲ್ಲವೆಂದು ಕಂಡಾಗ ಮಾತ್ರ ನಷ್ಟ. ಬಾಕಿಯಾದ ಅಸಲು ಬಡ್ಡಿ ಪೂರ್ತಿ ಕಟ್ಟಿದರೆ ಅದೇ ಸಾಲ ಮತ್ತೆ ಉತ್ತಮ ದರ್ಜೆಗೆ ಏರುತ್ತದೆ. ಪತ್ರಿಕೆಯಲ್ಲಿ 'ರೈಟ್ ಆಫ್' ಎಂದು ಓದಿ ನಾವು ಸಾಲ ಮನ್ನಾ ಎಂದುಕೊಳ್ಳುತ್ತೇವೆ. ಅದು ಮನ್ನಾ ಅಲ್ಲ. ಲೆಕ್ಕದ ಪುಸ್ತಕದಿಂದ ತೆಗೆದರೂ ವಸೂಲಿಯ ಪ್ರಯತ್ನ ಮುಂದುವರಿಯುತ್ತದೆ. ಬ್ಯಾಂಕು ಮುಳುಗಿದ ಸಾಲವನ್ನು ಕೂಡ ಬೇಗ ಕೈಬಿಡುವುದಿಲ್ಲ. ನಾವು ಮನುಷ್ಯರನ್ನು ಒಂದು ಪಂದ್ಯಕ್ಕೆ, ಒಂದು ಪರೀಕ್ಷೆಗೆ ಕೈಬಿಡುತ್ತೇವೆ. "ಅವನು ಉದ್ಧಾರ ಆಗುವವನಲ್ಲ" ಎನ್ನಲು ನಮಗೆ 90 ದಿನವೂ ಬೇಡ.

ಈಗ ಸಂಘದ ಹಿರಿಯರಲ್ಲಿ ಮತ್ತು ನನ್ನ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಇದು ಯಾವ ಒಂದು ಶಾಲೆಯ ಮೇಲಿನ ದೂರೂ ಅಲ್ಲ, ನಾನೂ ಮಾಡಿದ ತಪ್ಪು. ಶುಲ್ಕ ಬಾಕಿ ಇರುವ ಮಕ್ಕಳ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಪದ್ಧತಿ ನಮ್ಮ ಕಡೆ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಕೈಗೂ ಅಂಥ ಒಂದು ಪಟ್ಟಿ ಬಂತು. ನಾಲ್ಕು ಹೆಸರು ಓದಿದೆ. ಐದನೆಯ ಹುಡುಗ ತನ್ನ ಹೆಸರು ಬರುವ ಮೊದಲೇ ಎದ್ದು ನಿಂತ. ಅವನ ಮುಖ ನೋಡಿದಾಗ ಕಾಪುವಿನ ಆ ಅಂಗಡಿ ನೆನಪಾಯಿತು. ಪಟ್ಟಿ ಮಡಚಿ ಕಿಸೆಗಿಟ್ಟೆ. ಬಾಕಿ ತಂದೆಯದು, ಎದ್ದು ನಿಲ್ಲುವುದು ಮಗು. ಶುಲ್ಕ ವಸೂಲಾಗಬೇಕು, ಇಲ್ಲದಿದ್ದರೆ ಶಾಲೆ ನಡೆಯುವುದಿಲ್ಲ, ನನ್ನ ಸಂಬಳವೂ ಆಗುವುದಿಲ್ಲ. ಆದರೆ ಆ ಮಾತನ್ನು ಹೆತ್ತವರನ್ನು ಕರೆಸಿ, ಬಾಗಿಲು ಹಾಕಿಕೊಂಡು ಆಡಬಹುದು. ಒಂದು ಲಕೋಟೆಯಲ್ಲಿ ಚೀಟಿ ಕಳುಹಿಸಬಹುದು. ಲಕೋಟೆಯ ಬೆಲೆ ಹೆಚ್ಚೇನಿಲ್ಲ. ಇದೇ ಮಾತು ಕಡಿಮೆ ಅಂಕದವರ ಪಟ್ಟಿಗೂ ಅನ್ವಯಿಸುತ್ತದೆ. ಗೆದ್ದವರ ಹೆಸರನ್ನು ಮೈಕಿನಲ್ಲಿ ಕರೆಯೋಣ, ಬಾಕಿ ಇರುವವರ ಹೆಸರನ್ನು ಕಿವಿಯಲ್ಲಿ ಹೇಳೋಣ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ತಮಾಷೆ ಬಿಡಿ ಎಂದು ನಾನು ಹೇಳುವುದಿಲ್ಲ. ತಮಾಷೆ ಇಲ್ಲದೆ ಸೋಲನ್ನು ನುಂಗುವುದು ಕಷ್ಟ. ನಮ್ಮ ಶಾಲೆಯ ಹುಡುಗರೂ ಈಗ ಫುಟ್‌ಬಾಲ್ ಆಡುತ್ತಾರೆ, ಸಂಪ್ರದಾಯದಂತೆ ಸೋಲುತ್ತಾರೆ. ಪ್ರತಿ ಪಂದ್ಯದ ಸಂಜೆ ಒಂದು ಪುಸ್ತಕದಲ್ಲಿ ಲೆಕ್ಕ ಬರೆಯುತ್ತೇವೆ. ನಿಯಮ ಮೂರೇ. ಒಂದು, ಸಂಖ್ಯೆ ಇದ್ದದ್ದು ಇದ್ದ ಹಾಗೆ, ಎರಡು ಪೈಯನ್ನೂ ಬಿಡದೆ. ಎರಡು, ಗೋಲು ಎಲ್ಲಿಂದ ಬಂತು ಎಂದು ಬರೆಯಬೇಕು, ಯಾರ ಕೈಯಲ್ಲಿ ತಪ್ಪಿತು ಎಂದು ಮಾತ್ರ ಬರೆದರೆ ಸಾಲದು. ಮೂರು, ಎಷ್ಟು ಬೇಕಾದರೂ ನಗಬಹುದು, ಆದರೆ ನಗುವ ಸಾಲಿನಲ್ಲಿ ಯಾರದಾದರೂ ಹೆಸರು ಬರೆಯಲೇಬೇಕಾದರೆ ಬರೆಯುವವನು ತನ್ನದನ್ನೇ ಬರೆಯಬೇಕು. ಮೂರನೇ ನಿಯಮದಿಂದಾಗಿ ನಮ್ಮ ಪುಸ್ತಕದಲ್ಲಿ ಸುಸ್ತಿದಾರನ ಜಾಗದಲ್ಲಿ ಹೆಚ್ಚಾಗಿ ಕಾಣುವುದು ನಿಮ್ಮ ಈ ಮೇಷ್ಟ್ರ ಹೆಸರೇ.

ಆ ಗೆಳೆಯ ಮರುವರ್ಷ ಗಲ್ಫಿಗೆ ಹೋದ. ತಂದೆಯ ಸಾಲ ತೀರಿತು, ಉಮ್ಮನ ಚಿನ್ನ ಮನೆಗೆ ಬಂತು ಎಂದು ಬಹಳ ತಡವಾಗಿ ತಿಳಿಯಿತು. ನಾವು ಮಾತಾಡುವುದು ಅಪರೂಪ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು ಸೋಲಿಸಿತು. ನಮ್ಮ ರಾಜ್ಯ ಅದಕ್ಕೆ ಮೊದಲು ಆ ಕಪ್ಪು ಗೆದ್ದದ್ದು ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, 1968-69ರಲ್ಲಿ. 54 ವರ್ಷದ ಬಾಕಿ. ಆ ರಾತ್ರಿ ಸೌದಿಯಿಂದ ನನ್ನ ಫೋನಿಗೆ ಒಂದು ಸಂದೇಶ ಬಂತು. ಅವನದೇ. ಅದರಲ್ಲಿ ಇದ್ದದ್ದು ಅಂಕ ಮಾತ್ರ: "3-2".

ನಾನು ಒಂದೇ ಶಬ್ದದಲ್ಲಿ ಉತ್ತರಿಸಿದೆ: "ಜಮಾ."

ಸ್ವಲ್ಪ ಹೊತ್ತಿನ ನಂತರ ಅವನಿಂದ ಒಂದು ನಗುಮುಖ ಬಂತು. ನನ್ನ ಖಾತೆ ಯಾವ ದರ್ಜೆಗೆ ಏರಿದೆಯೋ ನಾನು ಕೇಳಲಿಲ್ಲ.

ಊಟದ ಹೊತ್ತಾಗಿದೆ. ಇನ್ನು ಮಾತಾಡಿದರೆ ನಾನೇ ಸುಸ್ತಿದಾರನಾಗುತ್ತೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ಆ ಋಣವನ್ನಾದರೂ ವಾಯಿದೆಯೊಳಗೆ ತೀರಿಸಲು ಯತ್ನಿಸುತ್ತೇನೆ.